ಧಣಿಗಳ ಕೋರ್ಟಿನ ಜಡ್ಜು

"ಇವತ್ತಿನಿಂದ ಪಂಚರಿಗೆ ವಿಸ್ಕಿ ಇಲ್ಲ."

ಜಡ್ಜಿನ ಕುರ್ಚಿಯಲ್ಲಿ ಕೂತು ಫೆಲಿಮ್ ಡರ್ಕನ್ ಮೊಟ್ಟಮೊದಲು ಆಡಿದ ಮಾತು ಇದು. ಅವನ ಹೆಂಡತಿ ಸಬೀನಾ ತುಂಬಿದ ಹೂಜಿ ಹಿಡಿದು ಆಗತಾನೇ ಹಜಾರದ ಹೊಸ್ತಿಲು ದಾಟಿದ್ದಳು. ಮೇಜಿನ ಮೇಲೆ ಲೋಟಗಳನ್ನು ಸಾಲಾಗಿ ಇಟ್ಟಾಗಿತ್ತು. ಎರಡು ಬೆಂಚುಗಳಲ್ಲಿ ಒತ್ತಿಕೊಂಡು ಕೂತಿದ್ದ ಹನ್ನೆರಡು ಪಂಚರೂ ಮೊದಲು ಫೆಲಿಮ್‌ನನ್ನು ನೋಡಿದರು, ಆಮೇಲೆ ಹೂಜಿಯನ್ನು ನೋಡಿದರು.

"ಏನಂದ್ರಿ?" ಮುದುಕ ಟಮಲ್ಟಿ ಕಿವಿಗೆ ಅಂಗೈ ಆನಿಸಿಕೊಂಡ.

"ವಿಸ್ಕಿ ಇಲ್ಲ ಅಂದೆ. ಸೋತೋನ ಖರ್ಚಲ್ಲಿ ತೀರ್ಪು ಹೇಳೋರು ಕುಡಿಯೋದು ನ್ಯಾಯ ಅಲ್ಲ."

"ಸೋತೋನದು ಬೇಡ ಅಂದ್ರೆ ಗೆದ್ದೋನ ಕೈಲಿ ಕೊಡ್ಸಪ್ಪ. ನಾವೇನು ಬೇಜಾರು ಮಾಡ್ಕೊಳಲ್ಲ."

ಹಜಾರವೆಲ್ಲ ಗೊಳ್ಳೆಂದಿತು. ಸಬೀನಾ ಕೂಡ ನಕ್ಕಳು. ಗಂಡನೂ ತಮಾಷೆಗೆ ಹೇಳಿದ್ದಾನೆ, ಈಗ ನಗುತ್ತಾನೆ ಎಂದು ಅವನ ಮುಖ ನೋಡಿದಳು. ಫೆಲಿಮ್ ನಗಲಿಲ್ಲ. ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು, "ಆ ಹೂಜಿ ಒಳಗೆ ತಗೊಂಡು ಹೋಗು, ಸಬೀನಾ" ಎಂದ. ಅವಳಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಮದುವೆಯಾದಾಗಿನಿಂದ ಅವನು ಅವಳಿಗೆ ಇದನ್ನು ಮಾಡು ಎಂದು ಹೇಳಿದ್ದೇ ಇಲ್ಲ.

ಕ್ಲೂನ್‌ಮೋರ್ ಜಹಗೀರಿನ ಧಣಿ ಇದ್ದದ್ದು ಲಂಡನ್ನಿನಲ್ಲಿ. ಅವರ ವಂಶದವರಿಗೆ ಯಾವುದೋ ಕಾಲದ ರಾಜ ನೆಲದ ಜೊತೆಗೆ ಒಂದು ಕೋರ್ಟನ್ನೂ ಬರೆದುಕೊಟ್ಟಿದ್ದ. ಊರಿನ ಸಣ್ಣಪುಟ್ಟ ವ್ಯಾಜ್ಯ ತೀರಿಸಲು ಜಡ್ಜನ್ನು ನೇಮಿಸುವುದು ಧಣಿಯ ಹಕ್ಕು. ಆ ಜಡ್ಜಿಗೆ ಸಂಬಳವೆಂಬುದಿಲ್ಲ. ಹೊರಡಿಸಿದ ಒಂದೊಂದು ಸಮನ್ಸಿಗೂ, ಹೇಳಿದ ಒಂದೊಂದು ತೀರ್ಪಿಗೂ ಇಷ್ಟೆಂದು ಜಗಳಕ್ಕೆ ಬಂದವರೇ ಕೊಡಬೇಕು. ಕೋರ್ಟಿಗೆಂದು ಬೇರೆ ಕಟ್ಟಡವೂ ಇರಲಿಲ್ಲ. ತಿಂಗಳಿಗೊಂದು ಗುರುವಾರ ಸಬೀನಾಳ ಪಡಖಾನೆಯ ಹಿಂದಿನ ಹಜಾರದಲ್ಲಿ ಸೇರುತ್ತಿತ್ತು. ತೀರ್ಪಿಗೆ ಮುಂಚೆ ಒಂದು ಸುತ್ತು, ಆಮೇಲೆ ಎರಡು ಸುತ್ತು ಪಂಚರಿಗೆ ವಿಸ್ಕಿ. ಅದನ್ನು ಸೋತವನ ಖರ್ಚಿಗೆ ಬರೆಯುವುದು ಲಾಗಾಯ್ತಿನಿಂದ ನಡೆದು ಬಂದಿತ್ತು. ಹಳೆಯ ಜಡ್ಜು ಬ್ಲೇಕ್‌ನಿ, ಪಟ್ಟಣದ ವಕೀಲ, ವಾದ ನಡೆಯುತ್ತಿರುವಾಗಲೇ ಗೊರಕೆ ಹೊಡೆದು, ಎಚ್ಚರವಾದ ಕೂಡಲೇ "ಹಾಗೇ ಆಗಲಿ" ಎನ್ನುವವನು. ಯಾರ ಕಡೆಗೆ ಆಗಲಿ ಎಂದದ್ದು ಎಂಬುದರ ಮೇಲೇ ಇನ್ನೊಂದು ಕೇಸು ಹುಟ್ಟುತ್ತಿತ್ತು. ಹಿಂದಿನ ಚಳಿಗಾಲ ಅವನು ಕುಡಿದು ಕುದುರೆಯ ಮೇಲಿಂದ ಬಿದ್ದು ಸತ್ತ.

ಕುರ್ಚಿ ಖಾಲಿಯಾದದ್ದೇ ಸಬೀನಾ ಯೋಚನೆ ಮಾಡಿದಳು. ಫೆಲಿಮ್ ಚರ್ಚಿನ ಹಿಂದಿನ ಕೊಟ್ಟಿಗೆಯಲ್ಲಿ ಶಾಲೆ ನಡೆಸುತ್ತಿದ್ದ. ಮಕ್ಕಳ ಮನೆಯವರು ಮೊಟ್ಟೆ ಕೊಡುತ್ತಿದ್ದರು, ಆಲೂಗಡ್ಡೆ ಕೊಡುತ್ತಿದ್ದರು, ಬಹಳ ಮಂದಿ ಒಳ್ಳೆಯ ಮಾತು ಕೊಡುತ್ತಿದ್ದರು. ಊರವರ ಅರ್ಜಿಗಳನ್ನೆಲ್ಲ ಪುಕ್ಕಟೆ ಬರೆಯುವವನೂ ಅವನೇ. ಅಷ್ಟು ಓದಿದ ಮನುಷ್ಯ ಜಡ್ಜಾದರೆ ಏನು ತಪ್ಪು? ಹಜಾರ ತನ್ನದು, ಹೂಜಿ ತನ್ನದು, ಕುರ್ಚಿಯೂ ತಮ್ಮದೇ ಆಗಿಬಿಟ್ಟರೆ? ಎರಡು ಕೊಬ್ಬಿದ ಹೆಬ್ಬಾತುಗಳನ್ನು ಹಿಡಿದು ಅವಳು ಧಣಿಯ ಏಜೆಂಟ್ ಕ್ಯಾಪ್ಟನ್ ಹ್ಯಾಸೆಟ್‌ನ ಬಂಗಲೆಗೆ ಹೋದಳು.

"ನಿನ್ನ ಗಂಡ ಹೇಳಿದ ಹಾಗೆ ಕೇಳುವ ಮನುಷ್ಯನೇನು?" ಎಂದು ಕ್ಯಾಪ್ಟನ್ ವಿಚಾರಿಸಿದ.

"ಮದುವೆ ಆದ ದಿನದಿಂದ ಕೇಳ್ತಾನೇ ಇದಾನೆ, ಸ್ವಾಮಿ."

ಕ್ಯಾಪ್ಟನ್‌ಗೆ ಆ ಉತ್ತರ ಬಹಳ ಹಿಡಿಸಿತು. ವಸಂತ ಬರುವ ಮೊದಲೇ ಫೆಲಿಮ್‌ನ ಹೆಸರು ಹಾಕಿದ ಸನ್ನದು ಬಂತು, ಧಣಿಯ ಲಾಂಛನ ಕೊರೆದ ಹಿತ್ತಾಳೆಯ ಮೊಹರು ಬಂತು.

ವಿಸ್ಕಿ ನಿಲ್ಲಿಸಿದ್ದು ಒಂದೇ ಆಗಿದ್ದರೆ ಸಬೀನಾ ಹೇಗೋ ನುಂಗಿಕೊಳ್ಳುತ್ತಿದ್ದಳೋ ಏನೋ. ಆದರೆ ಆಮೇಲೆ ಫೆಲಿಮ್ ಸಮನ್ಸು ಕೇಳಲು ಬಂದವರನ್ನು ಅಡಿಗೆಮನೆಯ ಒಲೆಯ ಮುಂದೆ ಕೂರಿಸಿಕೊಂಡು, ಎದುರು ಪಕ್ಷದವನನ್ನೂ ಕರೆಸಿ, ಮಜ್ಜಿಗೆ ಕುಡಿಸಿ, ಇಬ್ಬರನ್ನೂ ರಾಜಿ ಮಾಡಿಸಿ ಕಳಿಸತೊಡಗಿದ. ಬೇಲಿ ಸರಿಸಿದವನು, ಕತ್ತೆ ನುಗ್ಗಿಸಿದವನು, ಪಕ್ಕದ ಮನೆಯವಳ ಕೋಳಿ ನನ್ನದು ಎಂದವಳು, ಎಲ್ಲರೂ ಕಣ್ಣೊರೆಸಿಕೊಂಡು ಕೈ ಕುಲುಕಿ ಹೋದರು. ಸಮನ್ಸು ಹೊರಡಲಿಲ್ಲ. ಗುರುವಾರ ಹಜಾರದಲ್ಲಿ ಕೂರಲು ಜನವೇ ಇರುತ್ತಿರಲಿಲ್ಲ.

"ಮಜ್ಜಿಗೆ ಖರ್ಚು ಬೇರೆ ನಮ್ಮದೇ!" ಎಂದು ಒಂದು ದಿನ ಅವಳು ರೇಗಿಬಿಟ್ಟಳು. "ಜನ ಜಗಳ ಆಡಿದ್ರೆ ತಾನೇ ಜಡ್ಜಿನ ಮನೇಲಿ ಒಲೆ ಉರಿಯೋದು? ಬ್ಲೇಕ್‌ನಿಗೆ ಅಷ್ಟು ತಿಳೀತಿತ್ತು."

"ಅದೇ ಸಬೀನಾ ನನಗೆ ಭಯ" ಎಂದ ಫೆಲಿಮ್. "ಬಾಗಿಲು ತಟ್ಟಿದ ಶಬ್ದ ಕೇಳಿದ್ರೆ ಸಾಕು, ನನ್ನ ಮನಸ್ಸು ಮೊದಲು ಏನಂತ ಗೊತ್ತಾ? ರಾಜಿ ಆಗದೆ ಇರಲಪ್ಪಾ ಅನ್ನತ್ತೆ. ಅಂಥಾ ಮನಸ್ಸಿಟ್ಕೊಂಡು ಊಟ ಹೇಗೆ ಸೇರತ್ತೆ?"

"ನಿನಗೆ ಊಟ ಸೇರಲ್ಲ, ನನಗೆ ಊಟಾನೇ ಇಲ್ಲ" ಎಂದು ಅವಳು ಪಾತ್ರೆ ಕುಕ್ಕಿದಳು. ಗಂಡನ ಮೇಲಿನ ಸಿಟ್ಟಿಗಿಂತ, ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವನು ಯಾರೆಂದೇ ತನಗೆ ಗೊತ್ತಿರಲಿಲ್ಲವಲ್ಲ ಎಂಬ ಬೆರಗೇ ಅವಳಿಗೆ ಹೆಚ್ಚಾಗಿತ್ತು.

ಬೇಸಿಗೆ ಮುಗಿಯುತ್ತಾ ಬಂದಾಗ ಹನೋರಾ ಲಾಫ್ಟಸ್ ಬಂದಳು. ಜೌಗಿನ ಅಂಚಿನಲ್ಲಿ ಒಂಟಿಯಾಗಿದ್ದ ವಿಧವೆ. ಗಂಡ ಕಲ್ಲುಗಣಿಯಲ್ಲಿ ಸತ್ತಿದ್ದ, ಮಕ್ಕಳಿರಲಿಲ್ಲ. ಇದ್ದದ್ದು ಒಂದು ಕೆಂಪು ಹೆಣ್ಣು ಕುದುರೆ. ಊರಿಗೆಲ್ಲ ಅದು 'ಕೆಂಪಿ'. ಕುದುರೆ ಇಲ್ಲದವರೆಲ್ಲ ಜೌಗಿನಲ್ಲಿ ಕಡಿದು ಒಣಗಿಸಿದ, ಚಳಿಗಾಲಕ್ಕೆ ಸೌದೆಯಂತೆ ಒಲೆಗೆ ಹಾಕುವ ಉರಿಮಣ್ಣು ಹೇರಿ ತರುವುದಕ್ಕೆ ಅದನ್ನೇ ಕೇಳಿಕೊಂಡು ಹೋಗುವುದು. ಬದಲಿಗೆ ಹನೋರಾಳ ಹೊಲ ಅವರು ಉತ್ತುಕೊಡುತ್ತಿದ್ದರು. ಆ ವಸಂತದಲ್ಲಿ ಧಣಿಯ ಅಮೀನ ಮಾರ್ಕಸ್ ಕ್ರಿಲ್ಲಿ, ಕುದುರೆ ಧಣಿಗಳ ತೋಪಿಗೆ ನುಗ್ಗಿತೆಂದು ಹಿಡಿದುಕೊಂಡು ಹೋದ. ದೊಡ್ಡಿಗೆ ಹೊಡೆಯಲಿಲ್ಲ, ತನ್ನ ಲಾಯದಲ್ಲೇ ಕಟ್ಟಿಕೊಂಡ. ಬೇಸಿಗೆಯುದ್ದಕ್ಕೂ ತನ್ನ ಹೊಸ ಮನೆಗೆ ಅದರ ಕೈಲಿ ಕಲ್ಲು ಎಳೆಸಿದ.

"ಕೇಳೋಕೆ ಹೋದ್ರೆ, ನಿನ್ನ ಕುದುರೆ ಅಂತ ಅದರ ಮೈಮೇಲೆ ಬರ್ದಿದೆಯಾ ಅಂತಾನೆ" ಎಂದಳು ಹನೋರಾ. "ಬೆನ್ನೆಲ್ಲಾ ಹುಣ್ಣಾಗಿದೆ ಸಬೀನಾ. ನನ್ನ ನೋಡಿ ತಲೆ ಕೂಡ ಎತ್ತಲಿಲ್ಲ."

"ಅಮೀನನ ಮೇಲೆ ಕೇಸು ಹಾಕ್ತೀಯಾ ಹನೋರಕ್ಕ? ತಲೆ ನೆಟ್ಟಗಿದೆಯಾ?" ಸಬೀನಾ ದನಿ ತಗ್ಗಿಸಿದಳು. "ಅವನು ಕ್ಯಾಪ್ಟನ್‌ನ ಬಲಗೈ. ಸುಮ್ಮನೆ ಮನೆಗೆ ಹೋಗು."

ಅಡಿಗೆಮನೆಯ ಆ ಕಡೆಯಿಂದ ಫೆಲಿಮ್ ಬಂದು ನಿಂತಿದ್ದು ಇಬ್ಬರಿಗೂ ಕಂಡಿರಲಿಲ್ಲ. ಅವನು ಕ್ರಿಲ್ಲಿಯನ್ನು ರಾಜಿಗೆ ಕರೆಸಿ ನೋಡಿದ. ಕ್ರಿಲ್ಲಿ ಬರಲಿಲ್ಲ. ಮಾರನೆಯ ದಿನ ಸಮನ್ಸು ಹೊರಟಿತು. ಅದರ ಶುಲ್ಕವನ್ನು ಅವನು ಹನೋರಾಳಿಂದ ತೆಗೆದುಕೊಳ್ಳಲಿಲ್ಲ.

ಆ ಗುರುವಾರ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಧಣಿಗಳ ಕೋರ್ಟಿನಲ್ಲಿ ಧಣಿಗಳ ಅಮೀನನೇ ಪ್ರತಿವಾದಿಯಾಗಿ ನಿಲ್ಲುವುದನ್ನು ಯಾರೂ ಕಂಡಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲೂ ಜನ ಹತ್ತಿ ಕೂತಿದ್ದರು. ಇನ್ನೇನು ಶುರುವಾಗಬೇಕು ಎನ್ನುವಾಗ ಕ್ಯಾಪ್ಟನ್ ಹ್ಯಾಸೆಟ್ ಸ್ವತಃ ಒಳಗೆ ಬಂದ. ಜನ ತಾವಾಗಿ ದಾರಿ ಬಿಟ್ಟರು. ಅವನು ಬೆಂಕಿಗೂಡಿನ ಪಕ್ಕದ ಸ್ಟೂಲಿನಲ್ಲಿ ಕೂತು, ಕೈಗವಸು ಬಿಚ್ಚಿ ಮಂಡಿಯ ಮೇಲಿಟ್ಟುಕೊಂಡು, "ನಡೆಯಲಿ, ನಡೆಯಲಿ" ಎಂದ.

"ಟೋಪಿ ತೆಗಿ, ಮಾರ್ಕಸ್" ಎಂದ ಫೆಲಿಮ್.

ಕ್ರಿಲ್ಲಿ ಕ್ಯಾಪ್ಟನ್‌ನ ಕಡೆ ನೋಡಿದ. ಅವನು ಬೆಂಕಿ ನೋಡುತ್ತಿದ್ದ. ಕ್ರಿಲ್ಲಿ ಟೋಪಿ ತೆಗೆದ.

"ಅದು ದಿಕ್ಕಿಲ್ಲದ ಕುದುರೆ. ತೋಪಲ್ಲಿ ಸಿಕ್ತು. ಯಾರದು ಅಂತ ನನಗೇನು ಗೊತ್ತು?"

"ಈ ಹೆಂಗಸಿನದ್ದು ಅಂತ ಗೊತ್ತಿರಲಿಲ್ವಾ?"

"ಕುದುರೆಗಳೆಲ್ಲಾ ಒಂದೇ ಥರ."

"ಒಂದೇ ಥರ ಹೇಗೋ ಆಗತ್ತೆ?" ಪಂಚರ ಬೆಂಚಿನಿಂದ ಟಮಲ್ಟಿ ಕೂಗಿದ. "ನಿಮ್ಮಪ್ಪನ ಶವಪೆಟ್ಟಿಗೆ ಎಳ್ಕೊಂಡು ಹೋಗಿದ್ದು ಯಾವುದೋ? ಅವತ್ತೇ ನನ್ನ ತೊಡೆಗೆ ಒದ್ದಿದ್ದು. ನೀನು ಬೇಕಾದ್ರೆ ಮರ್ತಿರು, ನಾನು ಮರೀತೀನಾ?"

ನಗುವಿಗೆ ಕಿಟಕಿಯ ಗಾಜು ನಡುಗಿತು. "ಪಂಚರು ಸಾಕ್ಷಿ ಹೇಳಕೂಡದು" ಎಂದು ಫೆಲಿಮ್ ಗದರಿದ. ಆದರೆ ಅವನ ತುಟಿಯ ಅಂಚೂ ಅದುರುತ್ತಿತ್ತು. ಬಾಗಿಲಿಗೆ ಒರಗಿ ನಿಂತಿದ್ದ ಸಬೀನಾಳಿಗೆ ತನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಹನೋರಾ ತಡವರಿಸಿದಾಗ ಅವಳು ಹೇಳಿ ಮುಗಿಸುವವರೆಗೂ ಫೆಲಿಮ್ ಕಾದ. ಕ್ರಿಲ್ಲಿ ಅಡ್ಡ ಬಂದಾಗ ಬರೀ ಕೈಯೆತ್ತಿದ, ಅವನು ಸುಮ್ಮನಾದ. ಇಷ್ಟು ಮೆಲ್ಲಗೆ ಮಾತಾಡಿಯೂ ಒಬ್ಬ ಇಡೀ ಹಜಾರವನ್ನು ಹಿಡಿದಿಡಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ಪಂಚರು ತಲೆ ಕೂಡಿಸಿ ಪಿಸುಗುಟ್ಟಿಕೊಂಡರು. ಅವರ ಹಿರಿಯನಾಗಿ ಎದ್ದು ನಿಂತವನು ಡೊಮಿನಿಕ್ ಹೆನಿಗನ್, ಸಬೀನಾಳ ಒಡಹುಟ್ಟಿದ ಅಣ್ಣ.

"ಕುದುರೆ ಹನೋರಾ ಲಾಫ್ಟಸ್‌ದು. ಇವತ್ತೇ ಬಿಟ್ಟುಕೊಡಬೇಕು."

ಕಿಟಕಿಯಲ್ಲಿದ್ದವರು ಹೋ ಎಂದರು. ಹನೋರಾ ಶಾಲಿನಲ್ಲಿ ಮುಖ ಮುಚ್ಚಿಕೊಂಡಳು. ಸಬೀನಾ ಅಣ್ಣನ ಅಗಲ ಬೆನ್ನನ್ನೇ ಹೆಮ್ಮೆಯಿಂದ ನೋಡುತ್ತಿದ್ದಳು. ಫೆಲಿಮ್ ತೀರ್ಪು ಬರೆದು, ಅರಗಿನ ಕಡ್ಡಿಯನ್ನು ಮೇಣದಬತ್ತಿಗೆ ಹಿಡಿದ. ಕೆಂಪು ಹನಿ ಕಾಗದದ ಮೇಲೆ ಬಿತ್ತು. ಅವನು ಮೊಹರಿಗೆ ಕೈಹಾಕಿದ.

"ಡರ್ಕನ್, ಆ ಮೊಹರು ಇಲ್ಲಿ ಕೊಡು."

ಕ್ಯಾಪ್ಟನ್ ಯಾವಾಗ ಎದ್ದು ಬಂದಿದ್ದನೋ, ಮೇಜಿನ ಮುಂದೆ ನಿಂತಿದ್ದ.

"ಒತ್ತಿ ಕೊಡ್ತೀನಿ ಸ್ವಾಮಿ."

"ಈಗಲೇ ಕೊಡು." ದನಿಯಲ್ಲಿ ಸಿಟ್ಟಿರಲಿಲ್ಲ. "ಈ ಕೋರ್ಟು ಧಣಿಗಳದ್ದು. ಈ ಕುರ್ಚಿಯೂ ಅವರದ್ದೇ. ಕೂರಿಸಿದವರಿಗೆ ಏಳಿಸುವುದಕ್ಕೂ ಬರುತ್ತದೆ. ಈ ಕ್ಷಣದಿಂದ ನೀನು ಜಡ್ಜಲ್ಲ."

"ಕೇಸು ಮುಗಿದಿದೆ."

"ಮೊಹರು ಬಿದ್ದಿಲ್ಲ. ಮೊಹರು ಬೀಳದೆ ಯಾವ ಕೇಸೂ ಮುಗಿಯುವುದಿಲ್ಲ. ಅದನ್ನು ನಿನ್ನಷ್ಟು ಓದಿದವನಿಗೆ ನಾನು ಹೇಳಬೇಕೆ?"

ಅವನು ಕೋಟಿನ ಒಳಗಿಂದ ಮಡಿಸಿದ ಸನ್ನದನ್ನು ತೆಗೆದ. ಧಣಿಯ ಸಹಿ ಆಗಲೇ ಬಿದ್ದಿತ್ತು. ಹೆಸರಿನ ಜಾಗ ಮಾತ್ರ ಖಾಲಿ. ಫೆಲಿಮ್‌ನ ಗರಿ ಲೇಖನಿಯನ್ನೇ ಎತ್ತಿಕೊಂಡು ಬಗ್ಗಿ ಬರೆಯತೊಡಗಿದ. ತನ್ನದೇ ಹೆಸರು ಬರೆದುಕೊಳ್ಳುತ್ತಿದ್ದಾನೆ ಎಂದು ಎಲ್ಲರೂ ತಿಳಿದರು. ಬರೆದು, ಊದಿ ಆರಿಸಿ, ಗಟ್ಟಿಯಾಗಿ ಓದಿದ.

"ಕ್ಲೂನ್‌ಮೋರ್ ಜಹಗೀರಿನ ಜಡ್ಜು, ಮಾರ್ಕಸ್ ಕ್ರಿಲ್ಲಿ."

ಅಡಿಗೆಮನೆಯಲ್ಲಿ ಆಲೂಗಡ್ಡೆಯ ಪಾತ್ರೆ ಉಕ್ಕಿ ನೀರು ಕೆಂಡದ ಮೇಲೆ ಚುಸ್ಸೆಂದು ಬೀಳುವುದು ಸಬೀನಾಳಿಗೆ ಕೇಳಿಸುತ್ತಿತ್ತು. ಹೋಗಿ ಇಳಿಸಬೇಕು ಎಂದುಕೊಂಡಳು. ಬಾಗಿಲಲ್ಲೇ ನಿಂತಳು.

"ಯಾರು? ನಾನಾ?" ಕ್ರಿಲ್ಲಿಯ ಬಾಯಿ ತೆರೆದೇ ಇತ್ತು. ಹಜಾರದಲ್ಲಿ ಎಲ್ಲರಿಗಿಂತ ಹೆಚ್ಚು ಗಾಬರಿಯಾದವನು ಅವನೇ ಇರಬೇಕು.

"ನೀನೇ. ಹೋಗಿ ಕೂತುಕೋ. ನಿನ್ನ ಮುಂದೆ ಒಂದು ಕೇಸಿದೆ."

"ತನ್ನ ಕೇಸು ತಾನೇ ವಿಚಾರಿಸೋದು ಯಾವ ಕಾನೂನಲ್ಲೂ ಇಲ್ಲ, ಸ್ವಾಮಿ" ಎಂದ ಫೆಲಿಮ್. ಮುಖ ಸುಣ್ಣದಂತಾಗಿತ್ತು.

"ಹಾಗಾದರೆ ಅವಳು ದೊಡ್ಡ ಕೋರ್ಟಿಗೆ ಹೋಗಲಿ. ವಕೀಲನನ್ನು ಇಡುವುದಕ್ಕೆ ಅವಳ ಹತ್ತಿರ ಮಾರಲು ಇನ್ನೊಂದು ಕುದುರೆ ಇದೆಯೋ?"

ಫೆಲಿಮ್ ಕುರ್ಚಿಯಿಂದ ಎದ್ದ. ಮೊಹರನ್ನು ಕ್ಯಾಪ್ಟನ್‌ನ ಕೈಗೆ ಕೊಡದೆ ಮೇಜಿನ ಮೇಲಿಟ್ಟ. ಗೋಡೆಯ ಪಕ್ಕಕ್ಕೆ ಹೋಗಿ ಜನರ ನಡುವೆ ನಿಂತುಕೊಂಡ. ಕ್ರಿಲ್ಲಿ ಬಂದು ಕುರ್ಚಿಯ ತುದಿಯಲ್ಲಿ ಕೂತ. ಟೋಪಿ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದುಕೊಂಡ.

"ವಾದಿಯನ್ನು ಕರಿ" ಎಂದು ಕ್ಯಾಪ್ಟನ್ ಹೇಳಿಕೊಟ್ಟ.

"ಹನೋರಾ ಲಾಫ್ಟಸ್!" ಎಂದು ಕ್ರಿಲ್ಲಿ ಹೊಲದಾಚೆ ಇರುವವರನ್ನು ಕೂಗುವಂತೆ ಕೂಗಿದ. ಅವಳು ಕೈಗೆಟುಕುವಷ್ಟು ಹತ್ತಿರದಲ್ಲಿದ್ದಳು.

ಹನೋರಾ ಶಾಲು ಸರಿಸಿ ಅವನನ್ನು ದಿಟ್ಟಿಸಿದಳು. ನಿಜವಾಗಿಯೂ ಅರ್ಥವಾಗದವಳಂತೆ ಕೇಳಿದಳು: "ಮಾರ್ಕಸ್, ಈಗ ನೀನು ಯಾರಪ್ಪಾ? ಕುದುರೆ ತಗೊಂಡೋನಾ, ಕುದುರೆ ಕೊಡಿಸೋನಾ?"

ಕ್ರಿಲ್ಲಿ ಕ್ಯಾಪ್ಟನ್‌ನ ಮುಖ ನೋಡಿದ. ಕ್ಯಾಪ್ಟನ್ ಪಂಚರನ್ನು ನೋಡುತ್ತಿದ್ದ, ಒಬ್ಬೊಬ್ಬರನ್ನಾಗಿ.

"ಟಮಲ್ಟಿ, ನಿನ್ನ ಚಾವಣಿ ಸೋರುತ್ತದೆ ಅಂತ ಕೇಳಿದೆ. ಈ ಚಳಿಗಾಲಕ್ಕೆ ನಿನಗೆ ಆ ಮನೆ ಬೇಕು ತಾನೆ? ಹೆನಿಗನ್, ನಿನ್ನ ಗುತ್ತಿಗೆ ಬರೀ ವರ್ಷ ವರ್ಷದ್ದು, ಅಲ್ಲವೆ? ಏಳು ಮಕ್ಕಳು, ಪಾಪ. ಒಳ್ಳೆಯದು. ಪಂಚರು ಮತ್ತೊಮ್ಮೆ ಯೋಚಿಸಲಿ."

ಯೋಚಿಸಲು ಅವರು ಈ ಸಲ ತಲೆ ಕೂಡಿಸಲಿಲ್ಲ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬೆಂಚು ಕಿರುಗುಟ್ಟಿತು. ಡೊಮಿನಿಕ್ ಎದ್ದು ನಿಂತ. ಅವನ ಕಣ್ಣು ನೆಲದಲ್ಲಿತ್ತು.

"ಕುದುರೆ…" ಎಂದು ಗಂಟಲು ಸರಿಮಾಡಿಕೊಂಡ. "ಕುದುರೆ ದಿಕ್ಕಿಲ್ಲದ್ದು. ಹಿಡಿದೋನಿಗೆ ಸೇರಿದ್ದು."

ಸಬೀನಾ ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಕ್ಯಾಪ್ಟನ್ ಮಾಡಿದ್ದು ಅನ್ಯಾಯ. ಅಂಥವರು ಮಾಡುವುದೇ ಹಾಗೆ. ಆದರೆ ಇದೇ ಬಾಯಿ, ಇದೇ ಜಾಗದಲ್ಲಿ ನಿಂತು, ಮೇಣದಬತ್ತಿ ಒಂದು ಬೆರಳು ಕರಗುವಷ್ಟು ಹೊತ್ತಿನ ಹಿಂದೆ ಬೇರೆ ಮಾತು ಹೇಳಿತ್ತು. ಆ ಎರಡು ದನಿಗೂ ಏನೂ ವ್ಯತ್ಯಾಸವಿರಲಿಲ್ಲ. ಜ್ವರದಲ್ಲಿ ಮಲಗಿದ್ದ ತನ್ನನ್ನು ಚಿಕ್ಕಂದಿನಲ್ಲಿ ಬೆನ್ನ ಮೇಲೆ ಹೊತ್ತು ಪಟ್ಟಣದ ಡಾಕ್ಟರ ಹತ್ತಿರ ನಡೆದ ಮನುಷ್ಯ ಇವನೇ ಎಂದು ತನಗೆ ತಾನೇ ಹೇಳಿಕೊಳ್ಳಬೇಕಾಯಿತು.

"ಡೊಮಿನಿಕ್, ನೀನೇನಾ ಮಾತಾಡಿದ್ದು?" ಎಂದು ಹನೋರಾ ಕತ್ತಲಲ್ಲಿ ಯಾರನ್ನೋ ಕೇಳುವ ಹಾಗೆ ಕೇಳಿದಳು. ಅವನು ಬೆಂಚಿನಲ್ಲಿ ಕೂತ.

ಮೊಹರು ಬಿತ್ತು. ಕ್ಯಾಪ್ಟನ್ ಕೈಗವಸು ಹಾಕಿಕೊಂಡು ಹೊರಗೆ ನಡೆದ. ಅವನ ಕುದುರೆಯ ಗೊರಸಿನ ಸದ್ದು ಸೇತುವೆ ದಾಟಿದ ಮೇಲೆ ಕ್ರಿಲ್ಲಿಗೆ ಸ್ವಲ್ಪ ಜೀವ ಬಂತು. ಅವನು ಕುರ್ಚಿಯಲ್ಲಿ ಹಿಂದಕ್ಕೆ ಸರಿದು, ಟೋಪಿ ತಲೆಗೆ ಹಾಕಿಕೊಂಡ.

"ಪಂಚರಿಗೆ ವಿಸ್ಕಿ ಆಗಬೇಕಲ್ಲ! ಹಳೇ ಪದ್ಧತಿ. ಸೋತೋಳ ಖರ್ಚಿಗೆ. ಎಲ್ಲಿ ಸಬೀನಾ, ತಾ ನಿನ್ನ ಹೂಜಿ. ನಿನಗೂ ಒಳ್ಳೇ ಕಾಲ ಬಂತು ಅಂತಿಟ್ಕೋ. ಇನ್ನು ಮೇಲೆ ತಿಂಗಳು ತಿಂಗಳೂ ವ್ಯಾಪಾರ."

ಸಬೀನಾ ಒಳಗೆ ಹೋದಳು. ಹೂಜಿ ತುಂಬಿಸಿ ತಂದಳು. ಲೋಟ ಇಟ್ಟಳು, ಒಂದಕ್ಕೆ ಸುರಿದಳು, ಇನ್ನೊಂದಕ್ಕೆ ಸುರಿದಳು. ಮೂರನೆಯದಕ್ಕೆ ಬಗ್ಗಿದಾಗ ಅವಳಿಗೆ ತನ್ನ ಕೈ ಕಾಣಿಸಿತು. ಎಷ್ಟೋ ವರ್ಷಗಳ ಗುರುವಾರಗಳಲ್ಲಿ ಮಾಡಿದಂತೆಯೇ, ಒಂದು ಹನಿ ಆಚೆ ಚೆಲ್ಲದೆ, ಲೋಟದ ಕಂಠದವರೆಗೆ ಅಳತೆ ತಪ್ಪದೆ ಅದು ಸುರಿಯುತ್ತಿತ್ತು. ಆ ಕೈಗೆ ಏನೂ ಆಗಿರಲಿಲ್ಲ. ಕ್ರಿಲ್ಲಿಯನ್ನು ಕಂಡಾಗ, ಅಣ್ಣನ ಮಾತು ಕೇಳಿದಾಗ ಆಗದಿದ್ದಷ್ಟು ಹೆದರಿಕೆ ಈಗ ಆಯಿತು. ಹೂಜಿಯನ್ನು ಮೇಜಿನ ಮೇಲಿಟ್ಟಳು.

"ಯಾಕೆ ನಿಲ್ಲಿಸ್ದೆ?" ಎಂದ ಕ್ರಿಲ್ಲಿ.

"ಬೇಕಾದೋರು ಬಂದು ಸುರ್ಕೊಳ್ಳಲಿ."

ಅವಳು ಏಪ್ರನ್ನಿಗೆ ಕೈಯೊರೆಸಿಕೊಂಡು ಹೋಗಿ ಹನೋರಾಳ ಪಕ್ಕ ಬೆಂಚಿನ ಮೇಲೆ ಕೂತಳು. ಹನೋರಾ ಅವಳ ಕಡೆ ತಿರುಗಲಿಲ್ಲ, ಜಾಗವನ್ನೂ ಸರಿಸಲಿಲ್ಲ.

"ಏಯ್, ಇದು ಜಡ್ಜಿನ ಹುಕುಂ!"

"ಹುಕುಂ ಇದ್ರೆ ಇರಲಿ. ಹೂಜಿ ಅಲ್ಲೇ ಇದೆಯಲ್ಲ. ನಾನೇನು ಬಚ್ಚಿಟ್ಟಿದೀನಾ? ಕುಡೀರಪ್ಪಾ. ಹನೋರಕ್ಕನ ಖರ್ಚು. ಎದ್ದು ಬನ್ನಿ."

ಯಾರೂ ಏಳಲಿಲ್ಲ. ಕಿಟಕಿಯಲ್ಲಿದ್ದವರು ಒಬ್ಬೊಬ್ಬರಾಗಿ ಆಚೆಗೆ ಇಳಿದುಹೋದರು. ಕೊನೆಗೆ ಟಮಲ್ಟಿ ಎದ್ದ. ಎಲ್ಲರ ಕಡೆಗೂ ಒಮ್ಮೆ ನೋಡಿದ. ಸಬೀನಾ ತುಂಬಿದ್ದ ಲೋಟಗಳನ್ನು ಬಿಟ್ಟು ತಾನೇ ಇನ್ನೊಂದಕ್ಕೆ ಸುರಿದುಕೊಂಡು, ಗಟಗಟನೆ ಕುಡಿದು, ಕೆಮ್ಮುತ್ತಾ ಕಣ್ಣೀರು ಒರೆಸಿಕೊಳ್ಳುತ್ತಾ ಹೊರಗೆ ಹೋದ. ಕೆಮ್ಮಿನ ಕಣ್ಣೀರೋ ಬೇರೆಯದೋ ಯಾರು ಕಂಡರು. ಉಳಿದವರು ಅವನ ಹಿಂದೆ ಬರಿಗೈಲಿ ಎದ್ದು ನಡೆದರು. ಡೊಮಿನಿಕ್ ಎಲ್ಲರಿಗಿಂತ ಕಡೆಗೆ ಎದ್ದ. ತಂಗಿಯ ಮುಂದೆ ಬಂದು ನಿಂತ.

"ಏಳು ಮಕ್ಕಳು, ಸಬೀನಾ."

"ಎಣಿಸೋಕೆ ನನಗೂ ಬರತ್ತೆ, ಅಣ್ಣ."

ಅವನು ಟೋಪಿ ಹಾಕಿಕೊಂಡು ಹೊರಗೆ ನಡೆದ.

ಮುಂದಿನ ವಾರವೇ ಬಂಗಲೆಯಿಂದ ಮಾತು ಬಂತು: ಕೋರ್ಟು ಇನ್ನು ಮೇಲೆ ರಸ್ತೆಯ ಆಚೆ ಬದಿಯ ಪಡಖಾನೆಯಲ್ಲಿ, ವಸಂತದ ಹೊತ್ತಿಗೆ ಡರ್ಕನ್ ದಂಪತಿ ಧಣಿಗಳ ನೆಲದ ಮೇಲಿನ ಮನೆ ಖಾಲಿ ಮಾಡಬೇಕು. ಅಲ್ಲಿಯವರೆಗೆ ಹೇಗೆ, ಆಮೇಲೆ ಎಲ್ಲಿ, ಒಂದೂ ಗೊತ್ತಿರಲಿಲ್ಲ. ಫೆಲಿಮ್ ಮತ್ತೆ ಶಾಲೆಗೆ ಹೋಗಿಬರತೊಡಗಿದ. ಹನೋರಾಳ ಪರವಾಗಿ ದೊಡ್ಡ ಕೋರ್ಟಿಗೆ ಅರ್ಜಿ ಬರೆದ. ಅದನ್ನು ಹಿಡಿದು ನಿಲ್ಲುವ ವಕೀಲ ಸಿಗಲಿಲ್ಲ.

"ನಾನು ಇನ್ನೊಂದು ಗಳಿಗೆ ಮೊದಲೇ ಮೊಹರು ಒತ್ತಿಬಿಡಬೇಕಿತ್ತು" ಎಂದು ಅವನು ಒಂದು ಬೆಳಿಗ್ಗೆ ಒಲೆಯ ಮುಂದೆ ಕೂತು ಹೇಳಿದ. "ಅಕ್ಷರ ದುಂಡಗೆ ಬರಲಿ ಅಂತ ನಿಧಾನ ಮಾಡಿದೆ."

ಸಬೀನಾ ಅವನ ಮುಂದೆ ತಟ್ಟೆ ಇಟ್ಟಳು. "ಒತ್ತಿದ್ರೆ ಅವನು ಕಾಗದ ಹರಿದು ಹಾಕ್ತಿದ್ದ, ಅಷ್ಟೇ. ತಿನ್ನು. ಆರಿಹೋಗತ್ತೆ."

ಅವನು ತಿಂದ. ತಾನೂ ಎದುರಿಗೆ ಕೂತು ತಿಂದಳು. ಆಮೇಲೆ ಕೊಟ್ಟಿಗೆಯಿಂದ ಬೆನ್ನುಬುಟ್ಟಿ ತೆಗೆದುಕೊಂಡು ಜೌಗಿನ ಕಡೆ ಹೊರಟಳು.

ಚಳಿಗಾಲದ ಮಳೆ ಹತ್ತಿರವಾಗಿತ್ತು. ಊರವರೆಲ್ಲ ಉರಿಮಣ್ಣು ಹೇರಿಕೊಂಡು ಹೋಗಿಯಾಗಿತ್ತು. ಹನೋರಾಳ ರಾಶಿ ಒಂದೇ ಜೌಗಿನ ನಡುವೆ ಕಪ್ಪಗೆ ನಿಂತಿತ್ತು. ಕುದುರೆಯಿಲ್ಲದೆ ಅವಳು ಬುಟ್ಟಿಬುಟ್ಟಿಯಾಗಿ ಬೆನ್ನ ಮೇಲೆ ಹೊರುತ್ತಿದ್ದಳು. ಸಬೀನಾ ತನ್ನ ಬುಟ್ಟಿ ಇಳಿಸಿ ಉರಿಮಣ್ಣಿನ ಹೆಂಟೆ ತುಂಬತೊಡಗಿದಳು. ಹನೋರಾ ಅವಳನ್ನು ಬಾ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಇಬ್ಬರೂ ಎರಡು ಹೊರೆ ಸಾಗಿಸಿ ಬಂದರು. ಮೂರನೆಯದನ್ನು ತುಂಬುತ್ತಿದ್ದಾಗ ಹಿಂದೆ ರಸ್ತೆಯ ಮೇಲೆ ಗಾಡಿಯ ಚಕ್ರದ ಶಬ್ದ ಕೇಳಿಸಿತು.

ಡೊಮಿನಿಕ್ ಬಂದಿದ್ದ. ತನ್ನ ಕುದುರೆಯನ್ನು ತಿರುಗಿಸಿ, ಗಾಡಿಯನ್ನು ಹಿಂದೊತ್ತಿ ರಾಶಿಯ ಪಕ್ಕಕ್ಕೆ ತಂದು ನಿಲ್ಲಿಸಿದ. ಕೋಟು ಬಿಚ್ಚಿ ಗಾಡಿಯ ಮೂಕಿಯ ಮೇಲೆ ಹಾಕಿದ. ಯಾರ ಮುಖವನ್ನೂ ನೋಡದೆ ರಾಶಿಯ ಆ ಬದಿಯಿಂದ ಹೆಂಟೆ ಎತ್ತಿ ಗಾಡಿಗೆ ಪೇರಿಸತೊಡಗಿದ.

ಸಬೀನಾ ನಡು ನೆಟ್ಟಗೆ ಮಾಡಿ ಹನೋರಾಳ ಕಡೆ ನೋಡಿದಳು. ಹನೋರಾ ಬಗ್ಗಿಯೇ ಇದ್ದಳು. ಒಂದೊಂದೇ ಹೆಂಟೆಯನ್ನು ಎತ್ತಿ, ಅಂಟಿದ ಹುಲ್ಲು ಕೊಡವಿ, ತನ್ನ ಬುಟ್ಟಿಗೆ ಹಾಕಿಕೊಳ್ಳುತ್ತಿದ್ದಳು. ಬುಟ್ಟಿ ತುಂಬಿತು. ಹಗ್ಗವನ್ನು ಭುಜಕ್ಕೆ ಏರಿಸಿಕೊಂಡು, ಮಂಡಿಯೂರಿ ಎದ್ದು, ಗಾಡಿಯ ಪಕ್ಕದಿಂದಲೇ ದಾಟಿ ಮನೆಯ ಹಾದಿ ಹಿಡಿದಳು. ಸಬೀನಾ ತನ್ನ ಬುಟ್ಟಿ ಹೊತ್ತು ಅವಳ ಹಿಂದೆ ನಡೆದಳು. ಹಿಂದುಗಡೆ ಗಾಡಿಯ ಹಲಗೆಯ ಮೇಲೆ ಹೆಂಟೆಗಳು ಬೀಳುವ ಸದ್ದು ಒಂದಾದ ಮೇಲೆ ಒಂದು, 'ಧಪ್' 'ಧಪ್' ಎಂದು ಬಹಳ ದೂರದವರೆಗೂ ಕೇಳಿಸುತ್ತಲೇ ಇತ್ತು.